ಹೊರರಾಜ್ಯದಿಂದ ಕ್ಯಾಲಿಫೋರ್ನಿಯಾಗೆ ಅರ್ಜಿ ಹಾಕುವ ಮುನ್ನ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ, ಲಾಸ್ ಏಂಜಲೀಸ್ ಕ್ಯಾಂಪಸ್‌ಗಳಿಗೆ ಟೆಕ್ಸಾಸ್‌ನಿಂದಲೋ ನ್ಯೂಜೆರ್ಸಿಯಿಂದಲೋ ಅರ್ಜಿ ಹಾಕುವವರು ಹೆಚ್ಚಾಗಿ ಎಡವುವುದು ಖರ್ಚಿನ ಲೆಕ್ಕದಲ್ಲಿ. ಸರ್ಕಾರಿ ವಿಶ್ವವಿದ್ಯಾಲಯವೆಂದರೆ ಶುಲ್ಕ ಕಡಿಮೆ ಎಂಬ ನಂಬಿಕೆ ಆ ರಾಜ್ಯದ ನಿವಾಸಿಗಳ ಮಟ್ಟಿಗೆ ಸರಿ. ಹೊರಗಿನವರು ಮೂಲ ಶುಲ್ಕದ ಮೇಲೆ ವರ್ಷಕ್ಕೆ 30 ಸಾವಿರ ಡಾಲರಿಗೂ ಮಿಕ್ಕಿ ಹೆಚ್ಚುವರಿ ಕಟ್ಟಬೇಕು. ಒಂದು ವರ್ಷ ಅಲ್ಲಿದ್ದರೆ ನಿವಾಸಿಯ ಶುಲ್ಕ ಸಿಗುತ್ತದೆ ಎಂಬ ಮಾತು ನಂಬಿ ಹೊರಡುವ ಕುಟುಂಬಗಳೂ ಉಂಟು. ತಂದೆತಾಯಿ ಹೊರರಾಜ್ಯದಲ್ಲೇ ಇದ್ದು, ಅವರ ಹಣದಲ್ಲೇ ಓದುವ 24 ವರ್ಷದೊಳಗಿನ ವಿದ್ಯಾರ್ಥಿಗೆ ಅದು ಬಹುತೇಕ ಕೈಗೂಡದ ಆಸೆ. ಓದಲೆಂದೇ ಬಂದು ನೆಲೆಸಿದ್ದು ಅಲ್ಲಿ ನಿವಾಸದ ಲೆಕ್ಕಕ್ಕೆ ಬರುವುದಿಲ್ಲ. ಪ್ರವೇಶ ಪತ್ರ ಕೈಗೆ ಬಂದ ಮೇಲೆ ಕೂಡಿ ಕಳೆಯುವುದಕ್ಕಿಂತ, ಮೊದಲೇ ನಾಲ್ಕು ವರ್ಷದ ಮೊತ್ತ ಬರೆದು ನೋಡುವುದು ಲೇಸು.

ಅರ್ಹತೆಯ ಗೆರೆಯೂ ಬೇರೆ: ನಿವಾಸಿಗೆ ಕನಿಷ್ಠ ಜಿಪಿಎ 3.0, ಹೊರಗಿನವರಿಗೆ 3.4. ಅಷ್ಟಿದ್ದ ಮಾತ್ರಕ್ಕೆ ಸೀಟು ಸಿಕ್ಕಂತಲ್ಲ. ಪ್ರವೇಶಕ್ಕೆ ಎಸ್‌ಎಟಿ ಅಂಕ ನೋಡುವುದಿಲ್ಲವಾದ್ದರಿಂದ ಬರಹದ ತೂಕ ಹೆಚ್ಚು. ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ, ತಲಾ 350 ಪದ ಮೀರದಂತೆ, ನೇರ ಉತ್ತರ ಬೇಕು. ಬೇರೆ ಕಾಲೇಜಿಗೆ ಬರೆದ ಪ್ರಬಂಧವನ್ನು ಕತ್ತರಿಸಿ ಅಂಟಿಸಿದರೆ ಒಪ್ಪುವುದಿಲ್ಲ. ಜೊತೆಗೆ ತಮ್ಮದೇ ರಾಜ್ಯದ ವಿಶ್ವವಿದ್ಯಾಲಯಕ್ಕೂ ಒಂದು ಅರ್ಜಿ ಹೋಗಿರಲಿ.