ಗಿರವಿ ಚೀಟಿಯನ್ನು ಮರೆಯದ ಸಂತ

ಪ್ರೀತಿಯ ಮಗೂ,

ಸಂತರ ದಾರಿ ಮಠ ಸೇರಿದವರಿಗೆ ಮಾತ್ರ, ಎಂಜಿನಿಯರಿಂಗ್ ಓದುವವರಿಗೆ ಅದು ಒಗ್ಗದು ಎಂದು ಬರೆದಿದ್ದೀಯ. ಅದಕ್ಕೇ ಇಟಲಿಯ ಟುರಿನ್ ನಗರದ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿಯ ವಿಚಾರ ಬರೆಯುತ್ತಿದ್ದೇನೆ. ನಿನ್ನ ವಾರಿಗೆಯವರೂ ಓದಲಿ ಎಂದು ಈ ಪತ್ರವನ್ನು ಪತ್ರಿಕೆಗೂ ಕೊಟ್ಟಿದ್ದೇನೆ.

ಪಿಯೆರ್ ಜಾರ್ಜಿಯೋ ಫ್ರಸ್ಸಾತಿ ಹುಟ್ಟಿದ್ದು 1901ರ ಏಪ್ರಿಲ್ 6ರಂದು. ತಂದೆ ‘ಲಾ ಸ್ತಾಂಪಾ’ ಪತ್ರಿಕೆಯ ಒಡೆಯರು, ಮುಂದೆ ಜರ್ಮನಿಯಲ್ಲಿ ಇಟಲಿಯ ರಾಯಭಾರಿ. ಅವರಿಗೆ ದೇವರು, ಧರ್ಮದ ಗೊಡವೆ ಇರಲಿಲ್ಲ. ತಾಯಿ ಚಿತ್ರಕಲಾವಿದೆ. ಹುಡುಗ ಓದಿನಲ್ಲಿ ಮುಂದಿದ್ದವನೇನಲ್ಲ. ಶಾಲೆಯಲ್ಲಿ ಲ್ಯಾಟಿನ್ ವಿಷಯದಲ್ಲಿ ನಪಾಸಾಗಿದ್ದ. ಆದರೂ ಗಣಿ ಎಂಜಿನಿಯರಿಂಗ್ ಹಿಡಿದ. ಗಣಿ ಕಾರ್ಮಿಕರ ನಡುವೆ ಇದ್ದು ಅವರಿಗೆ ನೆರವಾಗಬೇಕು ಎಂಬುದು ಅವನ ಆಸೆ. ಗೆಳೆಯರ ಗುಂಪು ಕಟ್ಟಿಕೊಂಡು ಆಲ್ಪ್ಸ್ ಬೆಟ್ಟ ಹತ್ತುತ್ತಿದ್ದ, ಪೈಪ್ ಸೇದುತ್ತಿದ್ದ, ಮನಸಾರೆ ನಗುತ್ತಿದ್ದ. ದಿನವೂ ಪರಮಪ್ರಸಾದ ಸ್ವೀಕರಿಸುತ್ತಿದ್ದ, ಜಪಸರ ಬಿಡುತ್ತಿರಲಿಲ್ಲ.

1918ರಲ್ಲಿ ಅವನು ಸಂತ ವಿನ್ಸೆಂಟ್ ದೆ ಪೌಲ್ ಸಭೆ ಸೇರಿದ. ಅಲ್ಲಿಂದ ಮುಂದೆ ಊರಿನ ಬಡವರ ಮನೆಗಳಿಗೆ ಔಷಧಿ, ದಿನಸಿ ಹೊತ್ತು ಹೋಗುವುದು ಅವನ ಪಾಠ ಪ್ರವಚನದಷ್ಟೇ ಖಾಯಂ ಆಯಿತು. ಬಸ್ಸಿನ ಹಣವನ್ನೂ ಯಾರಿಗೋ ಕೊಟ್ಟು ಊಟದ ಹೊತ್ತಿಗೆ ಮನೆಗೆ ಓಡಿಬಂದದ್ದುಂಟು. ಮನೆಯವರಿಗೆ ಇದರ ಪೂರ್ತಿ ವಿವರ ತಿಳಿದಿರಲಿಲ್ಲ.

1925ರ ಬೇಸಿಗೆಯಲ್ಲಿ ಪೋಲಿಯೊ ತಗುಲಿತು. ಅದೇ ದಿನಗಳಲ್ಲಿ ಅಜ್ಜಿ ಸಾವಿನ ಹಾಸಿಗೆಯಲ್ಲಿದ್ದುದರಿಂದ ಇವನ ನೋವು ಯಾರ ಗಮನಕ್ಕೂ ಬರಲಿಲ್ಲ. ಜುಲೈ 3, ಶುಕ್ರವಾರ. ಬಡವರ ಮನೆಗೆ ಹೋಗಬೇಕಾದ ದಿನ ಅದು. ಕೈ ಸ್ವಾಧೀನ ತಪ್ಪುತ್ತಿತ್ತು. ತಂಗಿಯಿಂದ ತನ್ನ ಕೋಟಿನ ಜೇಬಿನಲ್ಲಿದ್ದ ಒಂದು ಗಿರವಿ ಚೀಟಿ, ಇಂಜೆಕ್ಷನ್ ಪೆಟ್ಟಿಗೆ ತರಿಸಿಕೊಂಡು, ಗೆಳೆಯನಿಗೆ ನಾಲ್ಕು ಸಾಲು ಗೀಚಿದ: ಇಂಜೆಕ್ಷನ್ ಇಂಥವರಿಗೆ, ಚೀಟಿ ಇಂಥವರದು, ಅದನ್ನು ನನ್ನ ಲೆಕ್ಕದಲ್ಲಿ ನವೀಕರಿಸು. ಆ ಅಕ್ಷರ ಓದುವುದೇ ಕಷ್ಟ. ಮರುದಿನ ತೀರಿಕೊಂಡ. ವಯಸ್ಸು 24. ಶವಯಾತ್ರೆಯ ಬೀದಿಯಲ್ಲಿ ಬಡವರು ಸಾವಿರಗಟ್ಟಲೆ ನೆರೆದಾಗಲೇ ಹೆತ್ತವರಿಗೆ ಮಗ ಎಂಥವನೆಂದು ಗೊತ್ತಾದದ್ದು.

1990ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವನನ್ನು ಪುನೀತನೆಂದು ಘೋಷಿಸಿದರು. ಸಂತ ಪದವಿ ದೊರೆತದ್ದು 2025ರ ಸೆಪ್ಟೆಂಬರ್ 7ರಂದು, ಪೋಪ್ 14ನೇ ಲಿಯೋ ಅವರಿಂದ, ಸತ್ತು ನೂರು ವರ್ಷದ ಮೇಲೆ. ಸಂತ ಪದವಿ ಕೊಡುವ ಮೊದಲು ಧರ್ಮಸಭೆ ಪವಾಡವನ್ನು ಪರಿಶೀಲಿಸುತ್ತದೆ, ನಿಜ. ಆದರೆ ಅದಕ್ಕೂ ಮೊದಲು ಬದುಕನ್ನು ಜಾಲಾಡುತ್ತದೆ: ಯಾರ ಜೊತೆ ಹೇಗಿದ್ದ, ಆಡಿದ ಮಾತಿಗೆ ನಿಂತನೇ?

ನನಗೆ ಆ ಚೀಟಿಯೇ ದೊಡ್ಡದಾಗಿ ಕಾಣುತ್ತದೆ. ಕನಿಕರ ಎಲ್ಲರಿಗೂ ಹುಟ್ಟುತ್ತದೆ, ಮಗು. ಯಾರ ವಸ್ತು ಅಡವಿದೆ, ಅದರ ವಾಯಿದೆ ಎಂದು ಮುಗಿಯುತ್ತದೆ ಎಂಬುದು ಅವರ ಮನೆಗೆ ಹೋಗಿ ಬಂದು ಮಾಡಿದವನಿಗಷ್ಟೇ ಗೊತ್ತಿರುತ್ತದೆ. ಭಕ್ತಿ ಅವನಲ್ಲಿ ಜವಾಬ್ದಾರಿಯಾಗಿತ್ತು.

ಆದ್ದರಿಂದ ನಿನಗೆ ನಾನು ಹೇಳುವುದು ಇಷ್ಟೇ. ಓದು ಬಿಡಬೇಡ, ಗೆಳೆಯರನ್ನೂ ಬಿಡಬೇಡ. ನಮ್ಮ ರಾಜ್ಯದ ಅನೇಕ ಚರ್ಚುಗಳಲ್ಲಿ ಆ ವಿನ್ಸೆಂಟ್ ಸಭೆ ಇವತ್ತಿಗೂ ಇದೆ, ಹೋಗಿ ಕೇಳು. ಒಂದೇ ಒಂದು ಮನೆ ಒಪ್ಪಿಕೊ. ವಾರ ತಪ್ಪಿಸದೆ ಹೋಗು. ಕೊಟ್ಟ ಮಾತನ್ನು ಬರೆದಿಟ್ಟುಕೊ, ನಿನಗೆ ಆಗದ ದಿನ ಇನ್ನೊಬ್ಬರಿಗೆ ಒಪ್ಪಿಸು. ಫೋಟೊ ತೆಗೆದು ಯಾರಿಗೂ ತೋರಿಸಬೇಡ. ಸಂತರಾಗುವ ವಿಚಾರ ದೇವರಿಗಿರಲಿ, ಆ ಮನೆಯ ವಿಚಾರ ನಿನಗಿರಲಿ.

ಇಂತು,
ನಿನ್ನ ದೊಡ್ಡಪ್ಪ