ಕಟ್ಟಿಹಾಕಿದ್ದರೆ ಲೆಕ್ಕ ಕೇಳಿ

ಪ್ರಶ್ನೆ: ಮೇಡಂ, ನನ್ನ ತಮ್ಮನಿಗೆ 26 ವರ್ಷ, ಬೈಪೋಲಾರ್ ಕಾಯಿಲೆ. ಹೋದ ವರ್ಷ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದಾಗ ರಾತ್ರಿಯೆಲ್ಲ ಮಂಚಕ್ಕೆ ಕಟ್ಟಿದ್ದರು. ಯಾಕೆಂದರೆ ‘ಸ್ಟಾಫ್ ಕಮ್ಮಿ ಇತ್ತು’ ಅಂದರು. ಇನ್ನು ಆಸ್ಪತ್ರೆಯೇ ಬೇಡ, ಕಾಯಿಲೆ ಕೆರಳಿದರೆ ಮನೆಯಲ್ಲೇ ಕೂಡಿಹಾಕೋಣ ಅಂತಾರೆ ಅಪ್ಪ. ಏನು ಮಾಡಲಿ? ಲಿಥಿಯಂ ಮಾತ್ರೆ ಬಿಟ್ಟಿಲ್ಲ. ಹಿಪ್ಪುನೇರಳೆ ತೋಟದಲ್ಲಿ ದುಡಿದು ಸೊಂಟನೋವೆಂದು ಮೆಡಿಕಲ್ ಸ್ಟೋರಿನ ಮಾತ್ರೆಯನ್ನೂ ನುಂಗುತ್ತಿದ್ದಾನೆ. ಎರಡು ದಿನದಿಂದ ಕೈ ನಡುಕ, ಭೇದಿ.
– ಓದುಗಿ, ದೊಡ್ಡಆಲಹಳ್ಳಿ

ಉತ್ತರ: ನನ್ನನ್ನು ಬೆಚ್ಚಿಸಿದ್ದು ನೀವು ಕೊನೆಗೆ ಬರೆದ ಸಾಲು. ತಕ್ಷಣ ಫೋನ್ ಮಾಡಿ, ಅವನನ್ನು ಅಂದೇ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದ್ದು ಅದಕ್ಕೇ. ಉಳಿದವರಿಗೂ ತಿಳಿದಿರಲಿ: ಲಿಥಿಯಂ ಒಳ್ಳೆಯ ಔಷಧಿ, ಆದರೆ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ತೀರಾ ಕಮ್ಮಿ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಜೊತೆಗೂಡಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಬೆವರಿ, ಭೇದಿಯಾಗಿ ಮೈಯ ನೀರು ಇಳಿದರೂ ಅಷ್ಟೇ. ಕೈ ಜೋರಾಗಿ ನಡುಗುವುದು, ವಾಂತಿ-ಭೇದಿ, ತೂರಾಟ, ತೊದಲು ಕಂಡರೆ ಮುಂದಿನ ಮಾತ್ರೆಗೆ ಮೊದಲು ವೈದ್ಯರನ್ನು ಕೇಳಿ, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಇದನ್ನು ‘ತಲೆ ಕೆಟ್ಟಿದ್ದು ಜಾಸ್ತಿಯಾಯ್ತು’ ಅಂದುಕೊಂಡು ಮಾತ್ರೆ ಹೆಚ್ಚಿಸುವ ಮನೆಗಳಿವೆ.

ಇನ್ನು ಕಟ್ಟಿದ ವಿಚಾರ. ‘ಸ್ಟಾಫ್ ಕಮ್ಮಿ’ ಎಂಬ ಉತ್ತರವನ್ನು ಕಾನೂನೇ ಒಪ್ಪುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಸೆಕ್ಷನ್ ಪ್ರಕಾರ, ರೋಗಿಗಾಗಲಿ ಇತರರಿಗಾಗಲಿ ಆ ಗಳಿಗೆಯಲ್ಲಿ ಆಗಲಿರುವ ಹಾನಿಯನ್ನು ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಕಟ್ಟಬಹುದು. ಅದಕ್ಕೆ ಮನೋವೈದ್ಯರ ಅಪ್ಪಣೆ ಬೇಕು. ಕಾರಣ, ವಿಧಾನ, ಎಷ್ಟು ಹೊತ್ತು ಎಂಬುದೆಲ್ಲ ದಾಖಲಾಗಬೇಕು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು. ಶಿಕ್ಷೆಯಾಗಿ ಕಟ್ಟುವಂತಿಲ್ಲ. ಆ ದಾಖಲೆ ತೋರಿಸಿ ಎಂದು ಕೇಳಿದರೆ ಜಗಳಗಂಟಿ ಅಂದಾರು, ಅನ್ನಲಿ ಬಿಡಿ.

ಆ ಪ್ರತಿನಿಧಿ ನೀವೇ ಆಗಬಹುದು. ತಮ್ಮ ನೆಟ್ಟಗಿರುವಾಗ ಒಂದು ಬಿಳಿ ಹಾಳೆಯಲ್ಲಿ ಹಾಗೆಂದು ಬರೆದು ಸಹಿ ಹಾಕಿದರೆ ಸಾಕು, ಸಹಿ ಬಾರದಿದ್ದರೆ ಹೆಬ್ಬೆಟ್ಟು. ನೀವೂ ಒಪ್ಪಿಗೆಯನ್ನು ಬರೆದುಕೊಡಬೇಕು ಅಷ್ಟೇ. ಅವನು ಬೇಡವೆಂದರೆ ಯಾವಾಗ ಬೇಕಾದರೂ ಬದಲಿಸಬಹುದು. ಇದರಿಂದ ಆಸ್ಪತ್ರೆಯವರು ನಿಮಗೆ ಉತ್ತರ ಕೊಡಲೇಬೇಕಾಗುತ್ತದೆ.

ನಿಮ್ಮಪ್ಪನವರ ಸಿಟ್ಟು ನ್ಯಾಯವಾದದ್ದೇ. ಆದರೆ ಕೂಡಿಹಾಕುವುದು ಎಲ್ಲಿ ಮುಟ್ಟುತ್ತದೆ ಎಂಬುದಕ್ಕೆ ತಮಿಳುನಾಡಿನ ಎರ್ವಾಡಿ ಇದೆ. 2001ರ ಆಗಸ್ಟ್ 6ರಂದು ಅಲ್ಲಿ ಮನೋರೋಗಿಗಳನ್ನು ಇರಿಸಿದ್ದ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿ ಬಿಗಿದಿದ್ದ ರೋಗಿಗಳಿಗೆ ಓಡಲಾಗಲಿಲ್ಲ. 28 ಜನ ಸತ್ತರು. ಇದನ್ನು ಅವರಿಗೆ ಹೇಳಿ, ಹೆದರಿಸಲಿಕ್ಕಲ್ಲ. ಬಾಗಿಲು ಹಾಕಿದ ಮನೆಯಲ್ಲಿ ಲಿಥಿಯಂ ಏರಿದ್ದನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ ಅನ್ನುವುದನ್ನೂ ಸೇರಿಸಿ.

ಆ ಆಸ್ಪತ್ರೆಗೇ ಮತ್ತೆ ಹೋಗಬೇಕೆಂದೇನಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ಹಗಲೂ ರಾತ್ರಿ ತೆರೆದಿರುತ್ತದೆ. ಹೊರಡುವ ಮೊದಲು ಮಾತಾಡಬೇಕೆನಿಸಿದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ಸೊಂಟನೋವಿನದೂ ಸೇರಿ ಅವನು ನುಂಗುವ ಎಲ್ಲ ಮಾತ್ರೆಯ ಚೀಟಿ ಒಂದೇ ಕವರಿನಲ್ಲಿರಲಿ. ತೋಟಕ್ಕೆ ತಂದ ಕೀಟನಾಶಕ ಮನೆಯಲ್ಲಿದ್ದರೆ, ಕಾಯಿಲೆ ಕೆರಳಿದಾಗ ಅವನ ಕೈಗೆ ಸಿಗದಂತೆ ಅದಕ್ಕೆ ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರವೇ ಇರಲಿ.