ಈಜಿನಿಂದ ಆರೋಗ್ಯಸೇವೆ

ಈಜುಗಾರನ ಸಾಧನೆಯನ್ನು ನಾವು ಪದಕಗಳಿಂದ ಅಳೆಯುತ್ತೇವೆ. ಆ ಸಾಧನೆ ರೋಗಿಯ ಹಾಸಿಗೆಯವರೆಗೂ ತಲುಪಬಲ್ಲದೆಂಬುದಕ್ಕೆ ಅಮೆರಿಕದ ‘ಸ್ವಿಮ್ ಅಕ್ರಾಸ್ ಅಮೆರಿಕ’ ಸಂಸ್ಥೆ ನಿದರ್ಶನ.

ಮೂಳೆಯ ಕ್ಯಾನ್ಸರಿನಿಂದ ಬಾಲ್ಯದಲ್ಲಿಯೇ ಒಂದು ಕಾಲನ್ನು ಕಳೆದುಕೊಂಡ ಜೆಫ್ ಕೀತ್, ಕೃತಕ ಕಾಲು ಧರಿಸಿ 1984-85ರಲ್ಲಿ ಬಾಸ್ಟನ್ನಿನಿಂದ ಲಾಸ್ ಏಂಜಲೀಸಿನವರೆಗೆ ಓಡಿದರು. ಅವರೂ ಮಿತ್ರ ಮ್ಯಾಟ್ ವಾಸ್ಲರ್ ಅವರೂ 1987ರಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದರು. 1984ರ ಒಲಿಂಪಿಕ್ಸ್‌ನಲ್ಲಿ 3 ಸ್ವರ್ಣಪದಕ ಗಳಿಸಿದ ರೌಡಿ ಗೇನ್ಸ್, 1980ರ ಬಹಿಷ್ಕಾರದಿಂದಾಗಿ ಒಲಿಂಪಿಕ್ಸ್ ಅವಕಾಶದಿಂದ ವಂಚಿತರಾದ ಕ್ರೇಗ್ ಬಿಯರ್ಡ್‌ಸ್ಲೀ ಮೊದಲಾದವರು ಇದಕ್ಕೆ ಹೆಗಲು ಕೊಟ್ಟರು.

ಇದರ ವಿಧಾನ ಸರಳವಾದುದು. ಈಜುವವರು ಬಂಧುಮಿತ್ರರಿಂದ ದೇಣಿಗೆ ಸಂಗ್ರಹಿಸಿ ನೀರಿಗಿಳಿಯುತ್ತಾರೆ. ಒಲಿಂಪಿಕ್ ವಿಜೇತರ ಪಕ್ಕದಲ್ಲಿಯೇ ಸಾಮಾನ್ಯರೂ ಈಜುತ್ತಾರೆ. ಹೀಗೆ ಕೂಡಿದ ಹಣ ಕ್ಯಾನ್ಸರ್ ಸಂಶೋಧನೆಗೆ ಸಲ್ಲುತ್ತದೆ.

ಫಲವೇನು? ಜೀವಕೋಶ ವಿಭಜನೆಯಾಗುವಾಗ ವಂಶವಾಹಿಯಲ್ಲಿ ನುಸುಳುವ ದೋಷಗಳನ್ನು ತಿದ್ದುವ ವ್ಯವಸ್ಥೆಯೊಂದು ದೇಹದಲ್ಲಿದೆ. ಕೆಲವು ಗಂತಿಗಳಲ್ಲಿ ಅದು ಕೆಟ್ಟಿರುತ್ತದೆ. ಅಂತಹವುಗಳ ಮೇಲೆ ದೇಹದ ರಕ್ಷಣಾಶಕ್ತಿಯನ್ನೇ ಎಬ್ಬಿಸುವ ಔಷಧ ಪರಿಣಾಮಕಾರಿಯೆಂದು ಜಾನ್ಸ್ ಹಾಪ್‌ಕಿನ್ಸ್‌ನ ವೈದ್ಯರು 2015ರಲ್ಲಿ ತೋರಿಸಿದರು. ಆ ಪ್ರಯೋಗಕ್ಕೆ ಈಜುಗಾರರ ಹಣ ನೆರವಾಗಿತ್ತು. 2017ರಲ್ಲಿ ಅಮೆರಿಕ ಸರಕಾರ, ಗಂತಿ ಯಾವ ಅಂಗದ್ದೆಂದು ನೋಡದೆ, ಈ ದೋಷದ ಆಧಾರದ ಮೇಲೆಯೇ ಔಷಧವನ್ನು ಅಂಗೀಕರಿಸಿತು. 2022ರಲ್ಲಿ ಪ್ರಕಟವಾದ, ಇದೇ ಸಂಸ್ಥೆಯ ನೆರವೂ ಇದ್ದ ಇನ್ನೊಂದು ಪ್ರಯೋಗದಲ್ಲಿ, ಇದೇ ದೋಷವುಳ್ಳ ಗುದನಾಳದ ಕ್ಯಾನ್ಸರಿನ 12 ರೋಗಿಗಳಲ್ಲಿಯೂ ಶಸ್ತ್ರಚಿಕಿತ್ಸೆಯಿಲ್ಲದೆಯೇ ಗಂತಿ ಕಾಣದಾಯಿತು.

ಈ ದೋಷ ಎಲ್ಲ ಕ್ಯಾನ್ಸರುಗಳಲ್ಲಿಯೂ ಇರುವುದಿಲ್ಲ. ಆದುದರಿಂದ ಕೆಲಸ ಮುಗಿದಿಲ್ಲ. ಫಲ ಖಚಿತವಾದ ಮೇಲೆ ಹಣ ಕೊಡುವವರು ಅನೇಕರು. ಫಲ ಕಾಣುವ ಮೊದಲೇ ನಂಬಿ ಕೊಟ್ಟ ದೇಣಿಗೆಯೇ ಸಂಶೋಧನೆಗೆ ಬೀಜವಾಗುತ್ತದೆ.